ಲೋಟ ಹಿಡಿಯುವ ಕೈ

ರಾಮನಗರ
16 ಜನವರಿ 2025, ಗುರುವಾರ

ರಾಧಾಮಣಿ,

ಇವತ್ತು ಗುರುವಾರದ ರೋಜಾ, ಸಂಜೆಯವರೆಗೆ ಉಪವಾಸ. ಬೆಳಗಿನ ನಮಾಜು ಮುಗಿಸಿ, ಅಂಗಳ ಗುಡಿಸಿ, ಶೆಡ್ಡಿನ ಒಲೆಗೆ ಸೌದೆ ಒಟ್ಟಿ, ನಿನ್ನೆ ಮಾರ್ಕೆಟ್ಟಿನಿಂದ ಬಂದ ರೇಷ್ಮೆಗೂಡಿನಲ್ಲಿ ಕಲೆಯಾದದ್ದು, ಜಜ್ಜಿದ್ದು ಆರಿಸಿ ಬೇರೆ ಇಟ್ಟೆ. ಮಗ ತನ್ವೀರ್ ಏಳುವ ಮೊದಲೇ ಇಷ್ಟಾಯಿತು. ಈಗ ನೀರು ಕುದಿಯುವವರೆಗೆ ಬಿಡುವು. ಕೂತಿದ್ದೇನೆ, ಆದರೆ ಕೂರಲಾಗುತ್ತಿಲ್ಲ. ಇಷ್ಟು ಬರೆಯುವುದರಲ್ಲಿ ಎರಡು ಸಲ ಎದ್ದು ಒಲೆ ನೋಡಿ ಬಂದೆ.

ನಾಲ್ಕು ವರ್ಷದ ಮೇಲೆ ಇವಳದೇನು ಕಾಗದ ಎನ್ನಬೇಡ. ಫೋನು ಮಾಡಬಹುದಿತ್ತು. ಆದರೆ ಮೂವತ್ತು ವರ್ಷ ನೂಲು ಬಿಚ್ಚುವ ಚರಕದ ಸದ್ದಿನಲ್ಲಿದ್ದು ನನ್ನ ಕಿವಿ ಮಂದವಾಗಿದೆ. ಸೊಸೆ ಅತಿಯಾ ಫೋನು ಹಿಡಿದು, ನೀನು ಹೇಳಿದ್ದನ್ನು ನನಗೆ ಕೂಗಿ ಹೇಳಬೇಕು. ಬೀದಿಗೆಲ್ಲ ಕೇಳುತ್ತದೆ. ಕೈಲಾಂಚದ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ನಾವಿಬ್ಬರೂ ಒಟ್ಟಿಗೆ ಕೂತು ಕಾಪಿ ಬರೆದ ಅಕ್ಷರ ಇನ್ನೂ ಕೈಯಲ್ಲಿದೆ, ಅದನ್ನೇ ಕಳಿಸುತ್ತಿದ್ದೇನೆ.

ವಿಷಯ ಇಷ್ಟು. ಹೋದ ಸೋಮವಾರ ಅತಿಯಾ ನನ್ನನ್ನು ಕಿಡ್ನಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳು. ಅವರು ರಿಪೋರ್ಟು ನೋಡಿದರು, ನನ್ನ ಕಿವಿಯ ಸಂಗತಿ ತಿಳಿದು ಜೋರಾಗಿಯೇ ಕೇಳಿದರು.

"ದಿನಕ್ಕೆ ಎಷ್ಟು ನೀರು ಕುಡೀತೀರಮ್ಮ?"

"ಬಾಯಿ ಒಣಗಿದಾಗ ಒಸಿ ಕುಡೀತೀನಿ ಸಾರ್."

"ಸುಳ್ಳು ಸಾರ್," ಎಂದಳು ಅತಿಯಾ. "ಬರೀ ನೀರು ಮುಟ್ಟೋದೇ ಇಲ್ಲ. ಕಿತ್ತಳೆ ಪುಡಿ ಕಲಸ್ಕೊಂಡು ಗುಟುಕು ಗುಟುಕು ಕುಡೀತಾರೆ. ಸಕ್ಕರೆ ಇಲ್ಲದ್ದು ಅಂತ ಪೊಟ್ಟಣದ ಮೇಲೆ ಬರ್ದೈತೆ, ಅದಕ್ಕೆ ದಿನಕ್ಕೆ ಏಳು ಎಂಟು ಖಾಲಿ."

ನನಗೆ ಸಕ್ಕರೆ ಕಾಯಿಲೆ ಒಸಿ ಇದೆ, ಅದಕ್ಕೇ ಆ ಪುಡಿ ಹಿಡಿದಿದ್ದೆ. ಅದರ ಸಿಹಿಯನ್ನು ಯಾವುದೋ ಔಷಧಿಯಿಂದ ಮಾಡುತ್ತಾರಂತೆ. ಡಾಕ್ಟರು ಅದನ್ನು ಪೂರ್ತಿ ಬಿಡಿ ಎಂದರು. ನಾಲಿಗೆ ಸಿಹಿಗೆ ಒಗ್ಗಿಹೋಗಿದೆ, ಸಿಹಿ ಇದ್ದರಷ್ಟೇ ಕುಡಿಯುತ್ತೀರಿ, ಅದೂ ಗುಟುಕು. ಕಿಡ್ನಿಯಲ್ಲಿ ಕಲ್ಲಿದೆ, ರಕ್ತದಲ್ಲಿ ಕಿಡ್ನಿಯ ಲೆಕ್ಕವೂ ಏರಿದೆ, ದಿನಕ್ಕೆ ಹತ್ತು ಲೋಟ ಬರೀ ನೀರು ಒಳಗೆ ಹೋಗಬೇಕು ಎಂದರು. ಆಮೇಲೆ ನಾನು ಕೇಳಬೇಕಾದದ್ದನ್ನು ಕೇಳಿದೆ.

"ರಂಜಾನು ಮಾರ್ಚಿಗೆ ಬತ್ತದೆ ಸಾರ್. ರೋಜಾ?"

"ಫೆಬ್ರವರಿ ಕೊನೇಲಿ ಇನ್ನೊಂದು ಸಲ ರಕ್ತ ನೋಡೋಣ. ಲೆಕ್ಕ ಇಳಿದಿದ್ರೆ ಹಿಡೀರಿ. ಇಲ್ದಿದ್ರೆ ನಾನು ಒಪ್ಪಲ್ಲಮ್ಮ."

ಹನ್ನೊಂದನೇ ವಯಸ್ಸಿನಿಂದ ಹಿಡಿದಿದ್ದೇನೆ ರಾಧಾಮಣಿ. ಬಾಣಂತನದಲ್ಲಿ ಬಿಟ್ಟುಹೋದವನ್ನೂ ಆಮೇಲೆ ಒಂದೊಂದಾಗಿ ಹಿಡಿದು ಮುಗಿಸಿದವಳು ನಾನು. ಈ ಸಲ ಒಪ್ಪಲ್ಲ ಎಂದರೆ ಎಲ್ಲಿಗೆ ಹೋಗಲಿ? ಇವತ್ತಿನ ರೋಜಾ ಕೂಡ ಅತಿಯಾಗೆ ಹೇಳದೆ ಹಿಡಿದದ್ದು.

ಕುಡಿದರಾಯಿತು ಎನ್ನುತ್ತೀಯ. ಆಗುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಬಿಸಿನೀರಿನ ಬೇಸಿನ್ನಿನಲ್ಲಿ ಬೆಂದ ಗೂಡಿನ ಎಳೆ ಹುಡುಕುತ್ತೇನೆ. ಒಳಗಿನ ಹುಳು ಬೆಂದು ಆ ನೀರು ಕಂದಾಗುತ್ತದೆ. ಅದರ ವಾಸನೆ ನಿನಗೆ ಗೊತ್ತು, ಶೆಡ್ಡಿನ ಬಾಗಿಲಲ್ಲೇ ಮೂಗು ಮುಚ್ಚಿದವಳು ನೀನು. ನನಗೆ ಯಾವ ನೀರು ಬಾಯಿಗಿಟ್ಟರೂ ಅದೇ ವಾಸನೆ. ಕಾವೇರಿ ನೀರು, ಬೋರಿನ ನೀರು, ಅಂಗಡಿಯ ಬಾಟಲಿ ನೀರು, ಎಲ್ಲವೂ ಬೇಸಿನ್ನಿನಿಂದ ಮೊಗೆದ ಹಾಗೆ. ಕಿತ್ತಳೆ ಪುಡಿ ಹಾಕಿದರೆ ಮಾತ್ರ ಅದು ಹಿಂದೆ ಸರಿಯುತ್ತಿತ್ತು.

ಯೋಚನೆ ಮಾಡಿ ಮಾಡಿ ಒಂದು ನೀರು ನೆನಪಾಯಿತು. ಶಾಲೆಯಿಂದ ಬರುವಾಗ ಇಬ್ಬರೂ ಇಳಿದು ಬೊಗಸೆಯಲ್ಲಿ ಕುಡಿಯುತ್ತಿದ್ದೆವಲ್ಲ, ಆ ತೋಟದ ಬಾವಿ. ಅದು ಮುಂದೆ ನಿನ್ನ ಗಂಡನ ತೋಟವಾಗುತ್ತದೆಂದು ಆಗ ಇಬ್ಬರಿಗೂ ಗೊತ್ತಿರಲಿಲ್ಲ. ಆ ನೀರು ಒಂದು ಕ್ಯಾನು ಕಳಿಸುತ್ತೀಯಾ? ನಿಮ್ಮ ಕಡೆಯ ಗೂಡನ್ನು ಮಾರ್ಕೆಟ್ಟಿಗೆ ತರುವ ಗೂಡ್ಸ್ ಆಟೋದ ಸಮೀವುಲ್ಲಾ ನಮ್ಮ ಬೀದಿಯವನೇ. ಖಾಲಿ ಕ್ಯಾನು ಅವನ ಕೈಯಲ್ಲಿದೆ.

ನೀರು ಕುದಿಯಿತು. ಏಳುತ್ತೇನೆ.

ಬದ್ರುನ್ನೀಸಾ


ಕೈಲಾಂಚ
24 ಜನವರಿ 2025, ಶುಕ್ರವಾರ

ಬದ್ರು,

ಕಾಗದ ಸೇರಿತು. ದೇವರ ಮನೆ ಸಾರಿಸಿ, ಹಾಲು ಡೈರಿಗೆ ಹಾಕಿ ಬಂದು ಬರೆಯುತ್ತಿದ್ದೇನೆ. ರೇಷ್ಮೆ ಹುಳು ಮೂರನೇ ಜ್ವರಕ್ಕೆ ಕೂತಿವೆ. ಪೊರೆ ಬಿಡುವ ಈ ಜ್ವರದಲ್ಲಿ ಅವು ಸೊಪ್ಪು ತಿನ್ನುವುದಿಲ್ಲ, ಅದಕ್ಕೆ ನನಗೂ ಒಂದು ದಿನದ ಬಿಡುವು.

ನೀನು ಹೇಳುವ ಬಾವಿ ಈಗಿಲ್ಲ. ಹೂಳು ತುಂಬಿ, ಕರು ಬಿದ್ದು ಸತ್ತಮೇಲೆ ಚಪ್ಪಡಿ ಎಳೆದರು. ಪಕ್ಕದಲ್ಲೇ ಬೋರು ಹಾಕಿಸಿದ್ದೇವೆ. ಅದೇ ಭೂಮಿಯ ನೀರು ಅಂತ ಅದನ್ನೇ ತುಂಬಿಸಿ ಕಳಿಸಿದ್ದೇನೆ. ಪ್ಲಾಸ್ಟಿಕ್ಕಿನಲ್ಲಿಡಬೇಡ. ಹೊಸ ಮಡಕೆಗೆ ಹಾಕಿ ಒಂದು ದಿನ ಬಿಟ್ಟು ಕುಡಿ. ಜೊತೆಗೆ ಲಾವಂಚದ ಬೇರು ಕಟ್ಟಿದ್ದೇನೆ, ತೊಳೆದು ಮಡಕೆಗೆ ಹಾಕು.

ನೀರು ಕುಡಿಯದಿರುವುದರಲ್ಲಿ ನಾನೇನೂ ಕಡಿಮೆಯಿಲ್ಲ. ಹುಳದ ಮನೆಯಿಂದ ಒಂದು ಸಲ ಆಚೆ ಹೋದರೆ ಮತ್ತೆ ಒಳಗೆ ಬರಲು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕೈಕಾಲು ಅದ್ದಬೇಕು, ಚಪ್ಪಲಿ ಬದಲಿಸಬೇಕು. ಇಲ್ಲದಿದ್ದರೆ ಹುಳಕ್ಕೆ ರೋಗ. ನೀರು ಕುಡಿದರೆ ತಾನೆ ಆಚೆ ಹೋಗುವ ಕಷ್ಟ? ಅದಕ್ಕೆ ಕುಡಿಯುವುದೇ ಇಲ್ಲ. ಸೊಂಟದ ಎಡಗಡೆ ಹಿಡಿದುಕೊಂಡಿದೆ. ಸೊಪ್ಪಿನ ಹೊರೆ ಹೊತ್ತದ್ದಕ್ಕೆ ಇರಬೇಕು.

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ.

ರಾಧಾಮಣಿ


ರಾಮನಗರ
3 ಫೆಬ್ರವರಿ 2025, ಸೋಮವಾರ

ರಾಧಾಮಣಿ,

ಒಳ್ಳೆಯ ಸುದ್ದಿ ಬರೆಯಬೇಕೆಂದು ಒಂಬತ್ತು ದಿನ ಕಾದೆ. ಇಲ್ಲ. ನಿಮ್ಮ ನೀರೂ ನಾರುತ್ತದೆ.

ಸಿಟ್ಟಾಗಬೇಡ. ಮಡಕೆ ತಂದೆ, ಲಾವಂಚ ಹಾಕಿದೆ. ಜೀರಿಗೆ ಕುದಿಸಿ ನೋಡಿದೆ, ಪುದೀನ ಹಾಕಿ ನೋಡಿದೆ, ನಿಂಬೆಸಿಪ್ಪೆ ಹಾಕಿ ನೋಡಿದೆ. ಲೋಟ ಮೂಗಿನ ಹತ್ತಿರ ಬಂದ ತಕ್ಷಣ ಬೆಂದ ಹುಳು. ಮೂರು ಲೋಟ ಕುಡಿದು ಎರಡನ್ನು ಬಚ್ಚಲಿಗೆ ಕಕ್ಕಿದೆ. ಅಡುಗೆಮನೆಯಲ್ಲಿ ಈಗ ಆರು ಪಾತ್ರೆಯಲ್ಲಿ ಆರು ಥರದ ನೀರು. ಅತಿಯಾ ಕಾಲಿಡಲು ಜಾಗವಿಲ್ಲ ಎಂದು ಗೊಣಗುತ್ತಾಳೆ.

ಪುಡಿ ಬಿಟ್ಟ ಮೂರನೇ ದಿನದಿಂದ ತಲೆ ಸಿಡಿಯುತ್ತಿದೆ. ಕೂತಲ್ಲಿ ಕೂರಲಾಗದೆ ಮನೆಗೂ ಶೆಡ್ಡಿಗೂ ಓಡಾಡುತ್ತೇನೆ. ಚರಕದಲ್ಲಿ ಎಳೆ ಮೇಲಿಂದ ಮೇಲೆ ಕಡಿದುಹೋಗುತ್ತಿದೆ. "ಅಮ್ಮೀ, ಇವತ್ತು ನೀವು ಕೂತ್ಕೊಳ್ಳಿ, ನೂಲು ಹಾಳಾಯ್ತದೆ" ಎಂದ ತನ್ವೀರ್. ಕೂತುಕೊಳ್ಳಿ ಎಂದರೆ ಇನ್ನೂ ಸಿಟ್ಟು ಬರುತ್ತದೆ.

ಶುಕ್ರವಾರ ಒಂದು ತಪ್ಪು ಮಾಡಿದೆ. ನಮ್ಮಲ್ಲಿ ಮೂರನೇ ಬೇಸಿನ್ನಿನಲ್ಲಿ ಕೆಲಸ ಮಾಡುವ ಅಸ್ರಾ ಎನ್ನುವ ಹುಡುಗಿಯನ್ನು ಅಂಗಡಿಗೆ ಕಳಿಸಿ, ಒಂದೇ ಒಂದು ಪೊಟ್ಟಣ ತರಿಸಿ, ಸೌದೆಯ ಹಿಂದೆ ನಿಂತು ಕುಡಿದೆ. ಎಷ್ಟು ಸಿಹಿ ಗೊತ್ತಾ? ಬಿಟ್ಟಾಗಲೇ ಅದರ ಸಿಹಿ ತಿಳಿಯುವುದು. ಕುಡಿದ ಮೇಲೂ ನಾಲಿಗೆಯ ಹಿಂದೆ ಕಹಿಯಂತೆ ಅಂಟಿಕೊಂಡಿತ್ತು. ಅತಿಯಾ ಖಾಲಿ ಪೊಟ್ಟಣ ಹಿಡಿದುಕೊಂಡು ಬಂದಳು.

"ಅಮ್ಮೀ, ರಂಜಾನು ಬೇಕಾ, ಇದು ಬೇಕಾ?"

ಅವಳಿಗೆ ಬೈದೆ. ಆಮೇಲೆ ಸೋಮವಾರ ಗುರುವಾರದ ರೋಜಾ ಕದ್ದು ಹಿಡಿಯುತ್ತಿರುವುದೂ ಅವಳಿಗೆ ತಿಳಿಯಿತು. ಅದೂ ನಿಂತಿತು. ಇವತ್ತು ಸೋಮವಾರ, ಬೆಳಗಾಗೆದ್ದು ರೊಟ್ಟಿ ತಿಂದು ಕೂತಿದ್ದೇನೆ, ಯಾರದೋ ಮನೆಯಲ್ಲಿ ಕೂತ ಹಾಗಿದೆ.

ತಲೆನೋವಿನಲ್ಲಿ ಬರೆಯುತ್ತಿದ್ದೇನೆ, ಆದ್ದರಿಂದ ಹೇಳಿಯೇಬಿಡುತ್ತೇನೆ. ನಮ್ಮ ಯಜಮಾನರು ನಜೀರ್ ಹೋದಾಗ ನೀನು ಬಂದಿದ್ದೆ. ನಿನ್ನ ಅತ್ತೆಯೂ ಬಂದಿದ್ದರು. ಬಿಸಿಲಿನಲ್ಲಿ ಬಂದಿರಿ ಎಂದು ನಾನೇ ಎದ್ದು ನೀರು ತಂದುಕೊಟ್ಟೆ. ನೀನು ಲೋಟ ತೆಗೆದುಕೊಂಡು ಕಿಟಕಿಯ ಮೇಲಿಟ್ಟೆ. ಹೋಗುವಾಗಲೂ ಅದು ತುಂಬಿಯೇ ಇತ್ತು. ಅಳುವ ಮನೆಯಲ್ಲಿ ಅದನ್ನು ನೋಡಬಾರದಿತ್ತು, ಆದರೆ ನೋಡಿದೆ. ಚಿಕ್ಕಂದಿನಲ್ಲಿ ಒಂದೇ ಬಾವಿಯಲ್ಲಿ ಕುಡಿದವಳಿಗೆ ಈಗ ನಮ್ಮ ಮನೆಯ ನೀರು ಆಗದೇ ಹೋಯಿತಾ? ಅದಕ್ಕೇ ಇಷ್ಟು ವರ್ಷ ನಾನು ನಿನ್ನನ್ನು ಕರೆಯಲಿಲ್ಲ. ನಿನ್ನ ನೀರು ಕೇಳಿದೆ ನೋಡು, ನನಗೆ ನಾಚಿಕೆಯಿಲ್ಲ.

ಈ ಕಾಗದ ಹರಿದು ಹಾಕಬೇಕೆನ್ನಿಸುತ್ತಿದೆ. ಸಮೀವುಲ್ಲಾ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಹೋಗಲಿ.

ಬದ್ರು


ಕೈಲಾಂಚ
12 ಫೆಬ್ರವರಿ 2025, ಬುಧವಾರ

ಬದ್ರು,

ನಿನ್ನ ಕಾಗದ ಓದಿ ಮೂರು ದಿನ ಸಿಟ್ಟಿನಲ್ಲಿದ್ದೆ. ಹುಳು ಹಣ್ಣಾಗಿ, ಗೂಡು ಕಟ್ಟಲೆಂದು ಚಂದ್ರಿಕೆಗೆ ಬಿಡುವ ಕೆಲಸ. ಆ ಗಡಿಬಿಡಿಯಲ್ಲಿ ಬೈಗುಳವೆಲ್ಲ ಮನೆಯವರ ಪಾಲಾಯಿತು. "ನಾನೇನ್ ಮಾಡ್ದೆ ಕಣೇ?" ಎಂದರು ಪಾಪ. ಈಗ ಗೂಡು ಬಿಡಿಸಿ ಆಯಿತು, ಈ ಕಾಗದ ಬರುವ ಆಟೋದಲ್ಲೇ ಅದೂ ಬರುತ್ತದೆ.

ನಾಲ್ಕು ವರ್ಷ ಒಂದು ಲೋಟ ನೀರನ್ನು ಕಾದುಕೊಂಡು ಕೂತಿದ್ದೀಯಲ್ಲ, ಒಂದು ಮಾತು ಕೇಳಬಾರದಿತ್ತಾ? ನಾನು ಮನೆಯಿಂದ ಹೊರಟರೆ ಎಲ್ಲಿಯೂ ನೀರು ಮುಟ್ಟುವುದಿಲ್ಲ. ಮರಳವಾಡಿಗೆ ನಮ್ಮಣ್ಣನ ಮನೆಗೆ ಹೋದರೂ ಇಲ್ಲ. ಎರಡನೇ ಹೆರಿಗೆಯಾದ ಮೇಲೆ ನನಗೆ ತಡೆಯಲಾಗುವುದಿಲ್ಲ. ಒಂದು ಸಲ ಬಸ್ಸಿನಲ್ಲೇ ಸೀರೆ ಒದ್ದೆಯಾಗಿ, ನಮ್ಮೂರು ಬಂದರೂ ಏಳದೆ, ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದ ಮೇಲೆ ಇಳಿದು ನಡೆದು ಬಂದೆ. ಇದನ್ನು ಯಾರಿಗೂ ಹೇಳಿಲ್ಲ, ಮನೆಯವರಿಗೂ.

ಇಷ್ಟು ಬರೆದು ಮಡಿಸಿಟ್ಟಿದ್ದೆ. ಹುಳದ ಮನೆ ತೊಳೆದು, ದೀಪ ಹಚ್ಚಲು ಹೋದೆ. ಕಡ್ಡಿ ಗೀರಲು ಮನಸ್ಸು ಬರಲಿಲ್ಲ. ಅರ್ಧ ಹೇಳಿ ಅರ್ಧ ನುಂಗಿ ದೇವರ ಮುಂದೆ ಹೇಗೆ ನಿಲ್ಲಲಿ? ವಾಪಸ್ಸು ಬಂದು ಬಿಡಿಸಿದೆ.

ನೀನು ಲೋಟ ಕೊಟ್ಟಾಗ ಅತ್ತೆ ನನ್ನ ಮುಖ ನೋಡಿದರು. ನಾನು ಅದನ್ನು ಕಿಟಕಿಯ ಮೇಲಿಟ್ಟೆ. ಬಸ್ಸಿನ ಭಯವೂ ಇತ್ತು, ಅತ್ತೆಯ ಭಯವೂ ಇತ್ತು. ಯಾವುದು ಎಷ್ಟು ಎಂದು ಕೇಳಬೇಡ. ಅತ್ತೆ ಹೋಗಿ ಎರಡು ವರ್ಷವಾಯಿತು. ಆಮೇಲೂ ನಾನು ಬರಲಿಲ್ಲ. ಅದಕ್ಕೆ ಹೇಳಲು ಯಾರ ಹೆಸರೂ ಇಲ್ಲ, ನಾನೇ.

ಈಗ ನಿನ್ನ ನೀರಿನ ವಿಚಾರ. ಮೊನ್ನೆ ಹುಳದ ಮನೆಯಿಂದ ಬಂದು ಊಟಕ್ಕೆ ಕೂತೆ. ಮುದ್ದೆ ಬಾಯಿಗಿಟ್ಟರೆ ಬ್ಲೀಚಿಂಗ್ ಪುಡಿ. ಸಾರು ತಿಂದರೆ ಅದೂ ಹಾಗೇ. "ಈ ಮುದ್ದೆ ನಾರ್ತೈತೆ" ಎಂದೆ. ಮನೆಯವರು ನನ್ನ ಕೈ ಹಿಡಿದು ನನ್ನ ಮೂಗಿಗೇ ಒತ್ತಿದರು.

"ಮುದ್ದೆ ಯಾಕೆ ನಾರೀತು? ನಾರ್ತಿರೋದು ನಿನ್ ಕೈ ಕಣೇ!"

ಆಗ ನಿನ್ನ ನೆನಪಾಯಿತು. ಬದ್ರು, ಲೋಟವನ್ನು ಯಾವ ಕೈಯಲ್ಲಿ ಹಿಡಿಯುತ್ತೀಯ? ಬಲಗೈಯಲ್ಲೇ ಕುಡಿಯಬೇಕೆಂದು ನಿಮ್ಮ ಅಪ್ಪ ಚಿಕ್ಕಂದಿನಲ್ಲಿ ನಿನಗೆ ಹೇಳುತ್ತಿದ್ದರು. ಎಳೆ ಹುಡುಕುವುದೂ ಅದೇ ಕೈ ತಾನೆ? ಮೂವತ್ತು ವರ್ಷ ಆ ನೀರು ಕುಡಿದ ಕೈ. ಸೋಪಿಗೆ ಹೋಗುತ್ತದಾ? ಲೋಟ ಬಾಯಿಗೆ ಬಂದರೆ ಕೈಯೂ ಮೂಗಿಗೆ ಬರುತ್ತದೆ. ನೀನು ಕಾವೇರಿ ನೀರನ್ನೂ ನಮ್ಮ ಬೋರನ್ನೂ ಸುಮ್ಮನೆ ಬೈದೆ.

ಒಂದು ಸಲ ಬೇರೆ ಯಾರಾದರೂ ಲೋಟ ಹಿಡಿದು ಕುಡಿಸಲಿ. ನೋಡು.

ರಾಧಾ


ರಾಮನಗರ
20 ಫೆಬ್ರವರಿ 2025, ಗುರುವಾರ

ರಾಧಾ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೊದಲರ್ಧಕ್ಕೆ ಉತ್ತರ ಬರೆಯುವುದಿಲ್ಲ. ನೀನು ಬರೆದೆ, ನಾನು ಓದಿದೆ, ಸಾಕು.

ಎರಡನೆಯ ಅರ್ಧ ಓದಿದವಳು ಕೈ ಮೂಸಿ ನೋಡಿದೆ. ಶೆಡ್ಡಿನಲ್ಲೆಲ್ಲ ಅದೇ ವಾಸನೆ, ಕೈಯದು ಯಾವುದು, ಶೆಡ್ಡಿನದು ಯಾವುದು ತಿಳಿಯಲಿಲ್ಲ. ನನ್ನ ಕೈ ನನಗೆ ಹೇಗೆ ತಿಳಿಯಬೇಕು? ಅತಿಯಾಳ ಮೂಗಿನ ಮುಂದೆ ಹಿಡಿದೆ. ಅವಳು ಹಿಂದಕ್ಕೆ ಹೋಗಲಿಲ್ಲ, ಆದರೆ ಉಸಿರು ಹಿಡಿದದ್ದು ಕಂಡಿತು. ಮದುವೆಯಾಗಿ ಬಂದು ಆರು ವರ್ಷವಾಯಿತು ಆ ಹುಡುಗಿ, ಒಂದು ದಿನವೂ ಹೇಳಿಲ್ಲ.

"ಒಂದು ಲೋಟ ನೀರು ಕುಡಿಸು," ಎಂದೆ.

"ಕುಡಿಸೋದಾ?"

"ಹೂಂ. ನೀನೇ ಹಿಡ್ಕೊ. ನಾನು ಕೈ ಹಿಂದೆ ಕಟ್ಕೋತೀನಿ."

ಅವಳಿಗೆ ನಗು. ಆದರೂ ಕೂರಿಸಿ, ಬಿಸ್ಮಿಲ್ಲಾ ಹೇಳಿಸಿ, ಮಗುವಿಗೆ ಹಿಡಿದ ಹಾಗೆ ಲೋಟ ಹಿಡಿದಳು. ಮೊದಲು ಮಡಕೆಯ ಮಣ್ಣಿನ ವಾಸನೆ ಬಂತು. ಆಮೇಲೆ ಲಾವಂಚ ಒಸಿ. ಆಮೇಲೆ ಏನೂ ಇಲ್ಲ ರಾಧಾ. ತಣ್ಣಗೆ ಇಳಿಯಿತು, ಅಷ್ಟೇ. ನಾನು ಇನ್ನೂ ವಾಸನೆ ಬರುತ್ತದೆಂದು ಕಾದು ಕೂತಿದ್ದೆ, ಲೋಟ ಮುಗಿದಿತ್ತು. ಇನ್ನೊಂದು ಕೊಡು ಎಂದೆ. ಅವಳು ನೆಲದ ಮೇಲೆ ಕೂತು ಅತ್ತುಬಿಟ್ಟಳು. ಯಾಕೆ ಎಂದು ಕೇಳಿದರೆ ಸುಮ್ಮನೆ ಎಂದಳು.

ಈಗ ಎಂಟು ಲೋಟಕ್ಕೆ ಬಂದಿದ್ದೇನೆ. ಸಿಹಿ ಬೇಕೆಂದು ನಾಲಿಗೆ ಇನ್ನೂ ಕೇಳುತ್ತದೆ, ಅದರಲ್ಲೂ ಮಧ್ಯಾಹ್ನ ಮೂರು ಗಂಟೆಗೆ. ಆಗ ಅತಿಯಾ ಮಡಕೆಯ ಹತ್ತಿರ ನಿಂತು ನನ್ನನ್ನು ನೋಡುತ್ತಾಳೆ, ನಾನು ಶೆಡ್ಡಿನಿಂದ ಎದ್ದು ಹೋಗುತ್ತೇನೆ. ದಿನಕ್ಕೆ ಎಂಟು ಸಲ ಸೊಸೆಯನ್ನು ಕರೆಯುವುದು ನನಗೆ ಕಷ್ಟ. ಯಾರನ್ನೂ ಏನೂ ಕೇಳದೆ ಬದುಕಿದವಳು. ಅವಳು ಒಂದು ಸಲವೂ ಮುಖ ಗಂಟು ಹಾಕಲಿಲ್ಲ. ಇದನ್ನು ನಿನಗೆ ಹೇಳಿದೆ, ಅವಳಿಗೆ ಹೇಳಿಲ್ಲ.

ಇವತ್ತು ಗುರುವಾರ. ರೋಜಾ ಇಲ್ಲ. ಈ ಗುರುವಾರಗಳನ್ನು ಬಿಟ್ಟುಕೊಟ್ಟಿದ್ದೇನೆ, ರಂಜಾನು ಮಾತ್ರ ಬಿಡಲಾರೆ ಎಂದು ದುವಾ ಮಾಡುತ್ತೇನೆ. ಮುಂದಿನ ಗುರುವಾರ ರಕ್ತ ಕೊಡಬೇಕು. ದಿನಕ್ಕೆ ಹತ್ತು ಸಲ ಕ್ಯಾಲೆಂಡರ್ ನೋಡುತ್ತೇನೆ. ಏಳನೇ ಕ್ಲಾಸಿನ ಪರೀಕ್ಷೆಗೂ ಹೀಗೆ ಆಗಿರಲಿಲ್ಲ.

ನಿನ್ನ ಸೊಂಟದ ಎಡಗಡೆ ನೋವು ಹೊರೆ ಹೊತ್ತದ್ದಕ್ಕಲ್ಲ. ನನಗೂ ಅಲ್ಲೇ ಶುರುವಾಗಿತ್ತು. ಡಾಕ್ಟರಿಗೆ ತೋರಿಸು.

ಬದ್ರು


ರಾಮನಗರ
28 ಫೆಬ್ರವರಿ 2025, ಶುಕ್ರವಾರ

ರಾಧಾ,

ನಿನ್ನಿಂದ ಉತ್ತರವಿಲ್ಲ. ಇರಲಿ.

ಲೆಕ್ಕ ಇಳಿದಿದೆ. ಆದರೆ ಸಾಲದಂತೆ. "ಆರು ವಾರದಲ್ಲಿ ಇಷ್ಟು ಇಳಿಸಿದ್ದು ದೊಡ್ಡದು ಕಣಮ್ಮ. ಈಗ ಹಗಲೆಲ್ಲ ನೀರು ನಿಲ್ಲಿಸಿ, ಆ ಆವಿಯಲ್ಲಿ ಕೆಲಸ ಮಾಡಿದ್ರೆ ಮತ್ತೆ ಏರ್ತದೆ. ಈ ವರ್ಷ ಬೇಡ" ಎಂದರು ಡಾಕ್ಟರು. ನಾನು ಅವರ ಮೇಜಿನ ಮೇಲಿದ್ದ ಪೆನ್ನಿನ ಡಬ್ಬಿ ನೋಡುತ್ತಾ ಕೂತಿದ್ದೆ. ಏಳಲೇ ಇಲ್ಲ. ಅತಿಯಾ ಎಬ್ಬಿಸಿದಳು.

ಹತ್ತು ಲೋಟ ಕುಡಿದೆನಲ್ಲ ರಾಧಾ. ಸಿಹಿ ಬಿಟ್ಟೆ, ತಲೆನೋವು ತಿಂದೆ, ಸೊಸೆಯ ಕೈಯಲ್ಲಿ ಕುಡಿದೆ. ಎಲ್ಲ ಯಾತಕ್ಕೆ? ರೋಜಾಕ್ಕೆಂದು ನೀರು ಕಲಿತೆ, ಈಗ ನೀರೇ ರೋಜಾವನ್ನು ಕಿತ್ತುಕೊಂಡಿತು.

ಮೌಲಾನಾರನ್ನು ತನ್ವೀರ್ ಕೇಳಿ ಬಂದ. ಕಾಯಿಲೆಯವರಿಗೆ ಬಿಡುವಿದೆ, ಗುಣವಾದ ಮೇಲೆ ಹಿಡಿಯಲಿ, ಜೀವಕ್ಕೆ ತೊಂದರೆ ಮಾಡಿಕೊಳ್ಳುವುದು ಪುಣ್ಯವಲ್ಲ ಎಂದರಂತೆ. ನನಗೂ ಗೊತ್ತು. ಬೇರೆಯವರಿಗೆ ನಾನೇ ಹೇಳಿದ್ದೇನೆ. ನನಗೆ ಹೇಳಿಕೊಳ್ಳಲು ಬಾಯಿ ಬರುತ್ತಿಲ್ಲ. ಯಾರಿಗೂ ಹೇಳದೆ ಹಿಡಿದುಬಿಡಲೇ ಎನ್ನಿಸುತ್ತದೆ. ನಾಡಿದ್ದು ಭಾನುವಾರ ಮೊದಲ ರೋಜಾ.

ಬದ್ರು


ಕೈಲಾಂಚ
4 ಮಾರ್ಚ್ 2025, ಮಂಗಳವಾರ

ಬದ್ರು,

ಉತ್ತರ ಬರೆಯದೇ ಇದ್ದದ್ದಕ್ಕೆ ಕಾರಣ ಇದೆ. ನನ್ನನ್ನು ಬಯ್ಯಬೇಡ.

ಶಿವರಾತ್ರಿಗೆ ಹನಿ ನೀರಿಲ್ಲದೆ ಉಪವಾಸ ಕೂತೆ. ನೀನು ಡಾಕ್ಟರಿಗೆ ತೋರಿಸು ಎಂದು ಬರೆದದ್ದು ಬೀರುವಿನಲ್ಲೇ ಇತ್ತು. ಪ್ರತಿ ವರ್ಷ ಕೂರುತ್ತೇನೆ, ಈ ವರ್ಷ ಯಾಕೆ ಬಿಡಲಿ ಎಂದುಕೊಂಡೆ. ಮಾರನೇ ಬೆಳಿಗ್ಗೆ ಪೂಜೆಗೆ ಹೂವು ಬಿಡಿಸುತ್ತಿದ್ದವಳು ಗಿಡದ ಬುಡದಲ್ಲೇ ಸುತ್ತಿಕೊಂಡೆ. ಅಂಥ ನೋವನ್ನು ಹೆರಿಗೆಯಲ್ಲೂ ತಿಂದಿರಲಿಲ್ಲ. ಮನೆಯವರು ಗಾಡಿಯ ಮೇಲೆ ಕೂರಿಸಿ, ನನ್ನನ್ನು ತಮ್ಮ ಬೆನ್ನಿಗೆ ಟವೆಲ್ಲಿನಲ್ಲಿ ಬಿಗಿದುಕೊಂಡು ಆಸ್ಪತ್ರೆಗೆ ಓಡಿಸಿದರು. ಎರಡು ಬಾಟಲಿ ಡ್ರಿಪ್ಸು ಹಾಕಿದರು. ಕಲ್ಲಂತೆ. ಎಡಗಡೆ ಕಿಡ್ನಿ ಊದಿರಬಹುದು, ಗುರುವಾರ ಸ್ಕ್ಯಾನಿಗೆ ಬನ್ನಿ ಎಂದಿದ್ದಾರೆ. ಹೊಸ ಹುಳು ಬಂದಿವೆ, ಸೊಪ್ಪು ಕೊಯ್ಯಲು ಆಳು ಸಿಕ್ಕರೆ ಹೋಗುತ್ತೇನೆ.

ಡ್ರಿಪ್ಸು ಇಳಿಯುವುದನ್ನು ನೋಡುತ್ತಾ ಮಲಗಿದ್ದೆ. ಶಿವನಿಗೆ ಬಿಂದಿಗೆಗಟ್ಟಲೆ ನೀರು ಸುರಿಯುತ್ತೇವೆ, ನಾವು ಮಾತ್ರ ಒಣಗಿಕೊಂಡು ಕೂರುತ್ತೇವೆ. ನಾನು ಕೊಡುತ್ತೇನೆ ಎಂದದ್ದನ್ನು ಅವನು ಕೇಳಿಯೇ ಇರಲಿಲ್ಲವೇನೋ ಅನ್ನಿಸಿತು. ಹೆಚ್ಚು ಓದಿದವಳಲ್ಲ ನಾನು, ನನಗೆ ಅನ್ನಿಸಿದ್ದು ಬರೆದೆ.

ನೀನು ಕದ್ದು ರೋಜಾ ಹಿಡಿದರೆ, ನಮ್ಮ ಮನೆಯವರ ಬೆನ್ನೂ ಟವೆಲ್ಲೂ ನಿನಗೆ ಸಿಗುವುದಿಲ್ಲ, ನೆನಪಿರಲಿ.

ರಾಧಾ


ರಾಮನಗರ
8 ಮಾರ್ಚ್ 2025, ಶನಿವಾರ

ರಾಧಾ,

ಇವತ್ತು ಏಳನೇ ರೋಜಾ. ಮನೆಯವರಿಗೆಲ್ಲ, ನನಗಲ್ಲ. ಬೆಳಗಿನ ಜಾವ ಎದ್ದು ಎಲ್ಲರಿಗೂ ಸೆಹರಿಗೆ ಅಡುಗೆ ಮಾಡಿದೆ, ಅವರ ಜೊತೆ ಕೂತು ತಿಂದೆ. ಅಜಾನ್ ಆದ ಮೇಲೆ ಎಲ್ಲರ ಲೋಟ ತೊಳೆದು ಬೋರಲು ಹಾಕಿದೆ, ನನ್ನದೊಂದನ್ನು ಬಿಟ್ಟು.

ಮೊದಲ ಮೂರು ದಿನ ನಿಜವಾಗಿಯೂ ಕದ್ದು ಹಿಡಿದೆ. ಕುಡಿದ ಹಾಗೆ ಮಾಡಿ ಅತಿಯಾ ಆಚೆ ತಿರುಗಿದಾಗ ಬಚ್ಚಲಿಗೆ ಉಗಿದೆ. ಅವಳು ರೋಜಾದಲ್ಲಿದ್ದೂ ನನಗೆ ನೀರು ಹಿಡಿಯುತ್ತಿದ್ದಳು, ಅವಳಿಗೇ ಮೋಸ ಮಾಡಿದೆ. ಮಂಗಳವಾರ ಸಂಜೆ ನಿನ್ನ ಕಾಗದ ಬಂತು. ಬುಧವಾರದಿಂದ ಕುಡಿದೆ. ಆದರೆ ಎಲ್ಲಿ ಗೊತ್ತಾ? ನೂಲು ತೆಗೆದ ಮೇಲೆ ಉಳಿಯುವ ರೇಷ್ಮೆ ಜೂಟಿನ ಮೂಟೆಗಳ ಕೋಣೆಯಲ್ಲಿ, ಬಾಗಿಲು ಮುಂದೆ ಮಾಡಿ. ಶೆಡ್ಡಿನಲ್ಲಿ ಒಂಬತ್ತು ಜನ ರೋಜಾದಲ್ಲಿದ್ದಾರೆ. ಅವರ ಎದುರು ಯಜಮಾನನ ತಾಯಿ ಕುಡಿಯುವುದೇ? ಒಳಗೆ ಹೋದಾಗಲೆಲ್ಲ ಯಾರೋ ನೋಡಿದರು ಎನ್ನಿಸಿ ಅರ್ಧ ಲೋಟಕ್ಕೇ ಆಚೆ ಬರುತ್ತಿದ್ದೆ.

ನಿನ್ನೆ ಜುಮ್ಮಾ ನಮಾಜು ಮುಗಿದು ಎಲ್ಲರೂ ಶೆಡ್ಡಿಗೆ ವಾಪಸ್ಸು ಬಂದಿದ್ದರು. ಬಿಸಿಲು, ಒಲೆ, ಆವಿ. ಅಸ್ರಾ ಎಂದು ಬರೆದಿದ್ದೆನಲ್ಲ, ಆ ಹುಡುಗಿ ಐದು ತಿಂಗಳ ಬಸುರಿ. ಅವಳಿಗೆ ರಕ್ತ ಕಡಿಮೆ. ಡಾಕ್ಟರಮ್ಮ ಹಿಡಿಯಬಹುದು ಎಂದಿದ್ದಾರೆ ಎಂದು ನಮಗೆಲ್ಲ ಹೇಳಿದ್ದಳು. ನಾನೂ ನಂಬಿದ್ದೆ. ನನ್ನ ಬೇಸಿನ್ನಿನಿಂದ ನೋಡಿದರೆ ಅವಳ ತುಟಿ ಬೂದಿ ಬಣ್ಣಕ್ಕೆ ತಿರುಗಿದೆ, ಎಳೆಗೆ ಕೈ ಹಾಕಿದರೆ ಎಳೆ ಸಿಗುತ್ತಿಲ್ಲ.

"ಅಸ್ರಾ, ನಿಜ ಹೇಳು. ಡಾಕ್ಟರಮ್ಮ ಏನಂದ್ರು?"

"ಹಿಡೀರಿ ಅಂದ್ರು ಖಾಲಾ."

"ಅಲ್ಲಾಹನ ಮುಂದೆ ಹೇಳು."

ತಲೆ ತಗ್ಗಿಸಿದಳು. "ಬೇಡ ಅಂದ್ರು. ಆದ್ರೆ ಎಲ್ಲಾರೂ ಹಿಡ್ದಿರುವಾಗ ನಾನೊಬ್ಳು ಹೆಂಗೆ ಕುಡೀಲಿ? ಎಲ್ ಕುಡೀಲಿ? ನೋಡ್ದೋರು ಏನಂತಾರೆ?"

ಎಲ್ಲಿ ಕುಡಿಯಲಿ ಎಂದಳಲ್ಲ, ನನಗೆ ಮೂಟೆಗಳ ಕೋಣೆ ಕಣ್ಣಮುಂದೆ ಬಂತು. ಅವಳಿಗೂ ಅದೇ ಜಾಗ ತೋರಿಸಲೇ? ನನಗೆ ಅಷ್ಟು ಸಿಟ್ಟು ಬಂತು ರಾಧಾ, ಅವಳ ಮೇಲಲ್ಲ.

ಚರಕ ನಿಲ್ಲಿಸು ಎಂದು ತನ್ವೀರನಿಗೆ ಕೈ ಮಾಡಿದೆ. ಸದ್ದು ನಿಂತಿತು. ಅತಿಯಾಳನ್ನು ಕೂಗಿದೆ. ನನ್ನ ಕಿವಿಯ ದೆಸೆಯಿಂದ ನಾನು ಕೂಗಿದರೆ ಮಸೀದಿಯವರೆಗೂ ಕೇಳುತ್ತದೆ. "ಅತಿಯಾ, ಮಡಕೆ ಇಲ್ಲಿಗೆ ತಾ!"

ಅವಳು ಬಾಗಿಲಲ್ಲೇ ನಿಂತಳು. ಬಾ ಎಂದೆ. ಬೇಸಿನ್ನುಗಳ ನಡುವೆ ಸ್ಟೂಲು ಎಳೆದು ಕೂತೆ. ಗೂಡು ಬೇಯಿಸುವ ಬಾಬಾಜಾನ್ ನಮ್ಮಲ್ಲಿ ಎಲ್ಲರಿಗಿಂತ ಹಳಬ, ಸೌದೆ ಕೈಯಲ್ಲಿ ಹಿಡಿದೇ ಹೇಳಿದ.

"ಏನ್ ಆಪಾ ಇದು? ರಂಜಾನಿನಾಗೆ, ಹಗಲಾಗೆ, ಇಷ್ಟು ಜನದ ಮುಂದೆ? ಒಳಗೋಗಿ ಕುಡೀಬಾರ್ದಾ?"

"ಕಾಯಿಲೆ ಬಂದೋಳು ಒಳಗೋಗಿ ಯಾಕೆ ಕುಡೀಬೇಕು ಬಾಬಾಜಾನ್? ನಾನೇನು ಕದ್ದ ಮಾಲು ಕುಡೀತಾ ಇದೀನಾ? ಬಿಡುವು ಕೊಟ್ಟೋನು ಬಾಗಿಲು ಹಾಕ್ಕೊಂಡು ಕುಡಿ ಅಂತ ಹೇಳಿಲ್ಲ."

ಅವನು ಒಲೆಯ ಕಡೆ ತಿರುಗಿಕೊಂಡ. ಬೇರೆಯವರೂ ಕಣ್ಣು ತಗ್ಗಿಸಿದರು. ಅತಿಯಾ ಲೋಟ ಹಿಡಿದಳು, ಒಂದಷ್ಟು ನನ್ನ ಎದೆಯ ಮೇಲೆ ಚೆಲ್ಲಿತು. ಬಿಸ್ಮಿಲ್ಲಾ ಎಂದು ಮೂರು ಉಸಿರಿನಲ್ಲಿ ಇಡೀ ಲೋಟ ಕುಡಿದೆ. ಹನ್ನೊಂದನೇ ವಯಸ್ಸಿನಿಂದ ಹಿಡಿದದ್ದೆಲ್ಲ ಆ ಲೋಟದೊಂದಿಗೆ ಇಳಿದುಹೋದ ಹಾಗಾಯಿತು, ಸುಳ್ಳೇಕೆ ಹೇಳಲಿ. ಕಣ್ಣೀರು ಬಂತು. ಒರೆಸಿಕೊಳ್ಳಲಿಲ್ಲ, ಕೈ ನಾರುತ್ತದಲ್ಲ.

ಆಮೇಲೆ ಅಸ್ರಾ ಬೇಸಿನ್ನಿನಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡು, "ಅತಿಯಾ ಭಾಭಿ, ನಂಗೂ," ಎಂದಳು. ಅತಿಯಾ ಅದೇ ಲೋಟ ತುಂಬಿಸಿದಳು. ಆ ಹುಡುಗಿ ಎರಡು ಲೋಟ ಗಟಗಟ ಕುಡಿದು, ಗೋಡೆಗೆ ಒರಗಿ ಕೂತಳು. ಅವಳ ಬೇಸಿನ್ನಿಗೆ ಬಾಬಾಜಾನನೇ ಬಂದು ಕೂತ. ನನ್ನ ಮುಖ ನೋಡಲಿಲ್ಲ. ನೋಡದಿದ್ದರೆ ಬೇಡ, ಎಳೆ ಸರಿಯಾಗಿ ಹಿಡಿದ.

ಮಡಕೆ ಈಗ ಶೆಡ್ಡಿನಲ್ಲೇ ಇದೆ. ನನಗೆ ಸಮಾಧಾನವಾಗಿದೆಯೇ ಎಂದು ಕೇಳಬೇಡ. ಸಂಜೆ ಎಲ್ಲರೂ ಖರ್ಜೂರ ಹಿಡಿದು ಅಜಾನಿಗೆ ಕಾಯುವಾಗ ನಾನು ಅಡುಗೆಮನೆಯಲ್ಲಿ ಏನೋ ಹುಡುಕುವವಳ ಹಾಗೆ ತಿರುಗುತ್ತೇನೆ.

ಈಗ ನಿನ್ನ ಮಾತು. ಗುರುವಾರ ಕಳೆದು ಎರಡು ದಿನವಾಯಿತು. ಸ್ಕ್ಯಾನಿಗೆ ಹೋದೆಯಾ? ಆಳು ಸಿಗಲಿಲ್ಲ, ಹುಳು ಹಸಿದಿತ್ತು ಎಂದೆಲ್ಲ ಬರೆಯಬೇಡ. ಹೋಗಿದ್ದರೆ ಏನೆಂದರು, ಊತ ಇದೆಯೋ ಇಲ್ಲವೋ, ಅದನ್ನೇ ಬರೆ. ಹೋಗಿಲ್ಲದಿದ್ದರೆ ಯಾವತ್ತು ಹೋಗುತ್ತೀಯ ಎಂದು ಬರೆ. ನಾನು ಇಲ್ಲಿ ಕೂರಲಾರೆ, ನಿಲ್ಲಲಾರೆ.

ಬದ್ರು

(ಲಕೋಟೆಯ ಹಿಂದೆ)

ಸಮೀವುಲ್ಲಾ, ಇದನ್ನು ರಾಧಕ್ಕನ ಕೈಗೇ ಕೊಡು. ಅವಳು ಆಮೇಲೆ ಬರೀತೀನಿ ಅಂದ್ರೆ ಹೊರಟು ಬರಬೇಡ, ಜಗಲಿ ಮೇಲೆ ಕೂತಿರು. ಎರಡೇ ಸಾಲಾದರೂ ಅವಳ ಕೈಯಲ್ಲಿ ಬರೆಸಿ, ಗೂಡು ಇಳಿಸೋಕೆ ಮುಂಚೆ ನನಗೆ ತಂದುಕೊಡು ಬೇಟಾ.